ಯಾರ ಕಣ್ಣಿಗೂ ಬೀಳದ ದೆವ್ವದ ಸಿನಿಮಾಗಳು: ಕಮ್ಮಿ ಕಾಸಿನ ಮೂರು ಹಾರರ್ ಬಗ್ಗೆ ನನ್ನ ರಿವ್ಯೂ

ರಾತ್ರಿ ಹೊತ್ತು ಒಬ್ಳೇ ಕಾರ್ ಓಡಿಸ್ಕೊಂಡು ಹೋಗ್ತಿರೋ ಹುಡುಗಿ. ರೇಡಿಯೋ ತಿರುಗಿಸ್ತಾಳೆ, ಬರೋದು ಬರೀ ಆರ್ಗನ್ ಸಂಗೀತ. ಪಕ್ಕದ ಕಿಟಕಿ ಕಡೆ ನೋಡಿದ್ರೆ ಗಾಜಲ್ಲಿ ಅವಳದ್ದೇ ಮುಖ. ಮತ್ತೆ ರಸ್ತೆ ಕಡೆ ತಿರುಗ್ತಾಳೆ, ಇನ್ನೊಂದ್ಸಲ ಗಾಜಿನ ಕಡೆ ನೋಡ್ತಾಳೆ, ಈಗ ಅಲ್ಲಿರೋದು ಅವಳ ಮುಖ ಅಲ್ಲ. ಸುಣ್ಣ ಬಳಿದ ಹಾಗೆ ಬೆಳ್ಳಗಿರೋ, ಕಣ್ಣಿನ ಸುತ್ತ ಕಪ್ಪು ಕಟ್ಟಿರೋ ಒಬ್ಬ ಗಂಡಸಿನ ಮುಖ, ಅವಳನ್ನೇ ನೋಡ್ತಿರತ್ತೆ. ದೊಡ್ಡ ಸೌಂಡ್ ಇಲ್ಲ, ಗ್ರಾಫಿಕ್ಸ್ ಇಲ್ಲ, ಒಂದು ಮುಖ ಒಂದು ಗಾಜು ಅಷ್ಟೇ. ಅರವತ್ತು ವರ್ಷದ ಹಿಂದೆ ತೆಗೆದ ಶಾಟ್ ಅದು, ಆದ್ರೂ ನಾನು ಅದನ್ನ ನೋಡಿದ ಮೇಲೆ ಬಹಳ ದಿನ ರಾತ್ರಿ ಕಾರಲ್ಲಿ ಕೂತಾಗ ಕಿಟಕಿ ಗಾಜಿನ ಕಡೆ ತಲೆ ತಿರುಗಿಸ್ತಿರ್ಲಿಲ್ಲ.

ಆ ಸಿನಿಮಾ ಹೆಸರು ಕಾರ್ನಿವಲ್ ಆಫ್ ಸೋಲ್ಸ್, 1962ರದ್ದು. ಇಂಥ ಸಿನಿಮಾಗಳು ಅಂದ್ರೆ ನಂಗೆ ಪ್ರಾಣ, ಅಂದ್ರೆ ಬಜೆಟ್ ಇಲ್ಲದೆ, ಸ್ಟಾರ್ ಇಲ್ಲದೆ, ಬಂದಾಗ ಯಾರೂ ನೋಡದೆ, ಎಲ್ಲೋ ಮೂಲೇಲಿ ಉಳ್ಕೊಂಡು, ಬಾಯಿಂದ ಬಾಯಿಗೆ ಹೋಗಿ ಬದುಕಿರೋ ದೆವ್ವದ ಸಿನಿಮಾಗಳು. ಹತ್ತು ನೋಡಿದ್ರೆ ಏಳು ಚೆನ್ನಾಗಿರಲ್ಲ, ಅದು ನಿಜ. ಉಳಿದ ಮೂರಕ್ಕೋಸ್ಕರ ಆ ಏಳನ್ನ ನೋಡ್ಬೋದು ಅಂತ ನಾನು ಮನಸಾರೆ ಹೇಳ್ತೀನಿ. ಇಲ್ಲಿ ಆ ಮೂರರ ಬಗ್ಗೆ ಬರೀತಿದೀನಿ, ಮಧ್ಯದಲ್ಲಿ ಇನ್ನೊಂದೆರಡು ಹೆಸರು ಬರತ್ತೆ. ಯಾವುದರದ್ದೂ ಕೊನೆ ಹೇಳಲ್ಲ, ಆದ್ರೆ ಕಥೆ ಸ್ವಲ್ಪ ಹೇಳ್ಲೇಬೇಕಾಗತ್ತೆ, ಏನೂ ಗೊತ್ತಿಲ್ದೆ ನೋಡ್ಬೇಕು ಅನ್ನೋರು ಮೊದ್ಲು ನೋಡ್ಕೊಂಡು ಬನ್ನಿ.

ಕಾರ್ನಿವಲ್ ಆಫ್ ಸೋಲ್ಸ್ ಮಾಡಿದ ಹರ್ಕ್ ಹಾರ್ವೆ ಹಾಲಿವುಡ್‌ನೋರಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಲ್ಲಿ ಸೆಂಟ್ರಾನ್ ಅಂತ ಒಂದು ಕಂಪನಿ ಇತ್ತು, ಶಾಲೆ ಮಕ್ಕಳಿಗೆ ತೋರ್ಸೋ ಪಾಠದ ಫಿಲ್ಮು, ಕಂಪನಿಗಳಿಗೆ ಬೇಕಾದ ಫಿಲ್ಮು ಅಂತ ಇಂಥವನ್ನೇ ಮಾಡ್ತಿದ್ದ ಕಂಪನಿ, ಅಲ್ಲಿ ಇವರು ಡೈರೆಕ್ಟರ್ ಆಗಿ ಕೆಲ್ಸಕ್ಕಿದ್ರು. ಒಂದ್ಸಲ ಕಾರಲ್ಲಿ ಊರಿಗೆ ವಾಪಸ್ ಬರ್ತಾ ಉಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ದಡದಲ್ಲಿ ಸಾಲ್ಟೇರ್ ಅನ್ನೋ ಪಾಳು ಬಿದ್ದ ಕಟ್ಟಡ ನೋಡಿದ್ರು. ಒಂದು ಕಾಲದಲ್ಲಿ ಜನ ಡ್ಯಾನ್ಸ್ ಮಾಡೋಕೆ, ಈಜೋಕೆ ಅಂತ ಕಿಕ್ಕಿರಿದು ಬರ್ತಿದ್ದ ಜಾಗ, ಇವರು ನೋಡಿದಾಗ ಗುಮ್ಮಟಗಳು ಮಾತ್ರ ನಿಂತಿದ್ವು, ಸುತ್ತ ಬಿಳೀ ಉಪ್ಪಿನ ಬಯಲು, ಮನುಷ್ಯರ ಸುಳಿವಿಲ್ಲ. ಅಲ್ಲಿ ಸತ್ತೋರು ಡ್ಯಾನ್ಸ್ ಮಾಡೋ ಸೀನ್ ಒಂದು ತಲೇಲಿ ಕೂತ್ಬಿಡ್ತು, ಜೊತೆಗೆ ಕೆಲ್ಸ ಮಾಡ್ತಿದ್ದ ಜಾನ್ ಕ್ಲಿಫರ್ಡ್ ಹತ್ರ ಕಥೆ ಬರೆಸಿದ್ರು. ಕೆಲ್ಸಕ್ಕೆ ಮೂರು ವಾರ ರಜ ಹಾಕಿ, ಸುಮಾರು 33 ಸಾವಿರ ಡಾಲರ್‌ನಲ್ಲಿ ಶೂಟಿಂಗ್ ಮುಗಿಸಿದ್ರು. ಆ ಬೆಳ್ಳನೆ ಮುಖದ ಗಂಡಸು ಇದಾನಲ್ಲ, ಅದು ಹಾರ್ವೆನೇ, ಬೇರೆ ನಟನ್ನ ಕರೆಸೋ ಬದ್ಲು ತಾವೇ ಮೇಕಪ್ ಹಾಕ್ಕೊಂಡು ನಿಂತ್ರು. ಆಮೇಲೆ ಅವರು ಇನ್ನೊಂದು ಫೀಚರ್ ಫಿಲ್ಮ್ ಮಾಡ್ಲೇ ಇಲ್ಲ. ಆ ಕಟ್ಟಡಾನೂ 1970ರಲ್ಲಿ ಸುಟ್ಟು ಹೋಯ್ತು, ಈಗ ಅದು ಹೇಗಿತ್ತು ಅಂತ ನೋಡ್ಬೇಕಂದ್ರೆ ಈ ಸಿನಿಮಾದೊಳಗೆ ಹೋಗಿ ಅಡ್ಡಾಡ್ಬೇಕು.

ಕಥೆ ಸಿಂಪಲ್. ಮೂರು ಜನ ಹುಡುಗೀರಿದ್ದ ಕಾರು ಇನ್ನೊಂದು ಕಾರಿನ ಜೊತೆ ರೇಸ್ ಬಿದ್ದು ಸೇತುವೆ ಮೇಲಿಂದ ಹೊಳೆಗೆ ಬೀಳತ್ತೆ. ಜನ ಸೇರಿ ಹುಡುಕ್ತಿರ್ತಾರೆ, ಕಾರು ಸಿಗಲ್ಲ, ಗಂಟೆಗಟ್ಟಲೆ ಆದ್ಮೇಲೆ ಮೇರಿ ಅನ್ನೋ ಹುಡುಗಿ ಒಬ್ಳೇ ಮೈಯೆಲ್ಲಾ ಕೆಸರು ಮೆತ್ಕೊಂಡು ನೀರಿಂದ ಎದ್ದು ಬರ್ತಾಳೆ. ಹೇಗೆ ಬದುಕಿದೆ ಅಂತ ಕೇಳಿದ್ರೆ ನೆನಪಿಲ್ಲ ಅಂತಾಳೆ. ಅವಳು ಚರ್ಚಲ್ಲಿ ಆರ್ಗನ್ ನುಡಿಸೋಳು, ಉಟಾದಲ್ಲಿ ಒಂದು ಚರ್ಚಲ್ಲಿ ಕೆಲ್ಸ ಸಿಕ್ಕಿರತ್ತೆ, ಹೊಸ ಊರಿಗೆ ಹೊರಟು ಹೋಗ್ತಾಳೆ, ಯಾರಿಗೂ ಸರಿಯಾಗಿ ಹೋಗ್ಬರ್ತೀನಿ ಅಂತಾನೂ ಹೇಳಲ್ಲ. ಆ ದಾರೀಲೇ ಆ ಮುಖ ಕಾಣ್ಸೋದು.

ಆದ್ರೆ ನಾನು ಈ ಸಿನಿಮಾನ ಪ್ರೀತಿಸೋದು ಆ ಮುಖಕ್ಕಲ್ಲ, ಬಟ್ಟೆ ಅಂಗಡಿ ಸೀನಿಗೆ. ಮೇರಿ ಒಂದು ಡ್ರೆಸ್ ನೋಡ್ತಿದಾಳೆ, ಟ್ರಯಲ್ ರೂಮಲ್ಲಿದ್ದಾಗ ಇದ್ದಕ್ಕಿದ್ದ ಹಾಗೆ ಪರದೆ ಮೇಲಿನ ಚಿತ್ರ ನೀರಿಗೆ ಕಲ್ಲು ಹಾಕ್ದಂಗೆ ಅಲುಗಾಡತ್ತೆ, ಮತ್ತೆ ಸರಿ ಹೋಗತ್ತೆ. ಹೊರಗೆ ಬಂದು ಅಂಗಡಿಯೋಳ ಹತ್ರ ಏನೋ ಹೇಳ್ತಾಳೆ. ಅವಳು ತಿರುಗಿ ನೋಡಲ್ಲ. ಇನ್ನೊಬ್ಬರ ಹತ್ರ ಹೋಗ್ತಾಳೆ, ಅವ್ರಿಗೂ ಕೇಳ್ಸಲ್ಲ. ಆಗ ನಮಗೆ ಗೊತ್ತಾಗತ್ತೆ, ಸುತ್ತಲಿನ ಶಬ್ದಾನೇ ನಿಂತು ಹೋಗಿದೆ ಅಂತ. ಜನ ಮಾತಾಡ್ತಿದಾರೆ, ಬಾಯಿ ಆಡ್ತಿದೆ, ಸದ್ದಿಲ್ಲ. ರಸ್ತೆಗೆ ಓಡ್ತಾಳೆ, ಗಾಡಿಗಳು ಹೋಗ್ತಿವೆ, ಸದ್ದಿಲ್ಲ. ಇಡೀ ಊರಿಗೆ ಅವಳು ಇಲ್ಲ. ಕೊನೆಗೆ ಒಂದು ಪಾರ್ಕಲ್ಲಿ ಮರಕ್ಕೆ ಒರಗಿ ನಿಲ್ತಾಳೆ, ಎಲ್ಲಿಂದಲೋ ಒಂದು ಹಕ್ಕಿ ಕೂಗತ್ತೆ, ಆ ಕೂಗಿನ ಜೊತೆ ಪ್ರಪಂಚ ವಾಪಸ್ ಬರತ್ತೆ. ಆ ಹಕ್ಕಿ ಸದ್ದು ಕೇಳ್ದಾಗ ನಂಗೆ ಎದೆ ಮೇಲಿಂದ ಯಾರೋ ಕಲ್ಲು ತೆಗೆದಂಗಾಯ್ತು. ಈ ಸೀನಿಗೆ ಎಷ್ಟು ಖರ್ಚಾಗಿರ್ಬೋದು ಯೋಚ್ನೆ ಮಾಡಿ. ಸೌಂಡ್ ಟ್ರ್ಯಾಕ್ ತೆಗೆದು ಹಾಕೋಕೆ ದುಡ್ಡು ಬೇಕಾಗಲ್ಲ.

ದೋಷ ಇಲ್ವಾ ಅಂದ್ರೆ ಖಂಡಿತ ಇದೆ. ಮೇರಿ ಪಾತ್ರ ಮಾಡಿದ ಕ್ಯಾಂಡೇಸ್ ಹಿಲಿಗಾಸ್ ನಟನೆ ಕಲಿತೋರು, ಅವ್ರ ಸುತ್ತ ಇರೋ ಎಷ್ಟೋ ಜನ ಅಲ್ಲ, ಕೆಲವ್ರು ಪಾಠ ಒಪ್ಪಿಸಿದಂಗೆ ಡೈಲಾಗ್ ಹೇಳ್ತಾರೆ. ಕೆಲವು ಕಡೆ ಮಾತಿಗೂ ತುಟಿಗೂ ತಾಳೆ ಆಗಲ್ಲ. ಡಾಕ್ಟರ್ ಪಾತ್ರ ಒಂದು ಬರತ್ತೆ, ಅವನು ಬಂದಾಗೆಲ್ಲ ಕಥೆ ಕುಂಟತ್ತೆ, ಎಲ್ಲಾನೂ ವಿವರಿಸೋಕೆ ಹೋಗ್ತಾನೆ. ಆದ್ರೆ ವಿಚಿತ್ರ ಏನಂದ್ರೆ, ಆ ತಾಳೆ ಆಗದ ಮಾತು, ಆ ಮರದಂಥ ನಟನೆ, ಇವೇ ಈ ಸಿನಿಮಾಗೆ ಕನಸಿನ ಗುಣ ಕೊಡತ್ತೆ. ಕನಸಲ್ಲಿ ಜನ ಹೀಗೇ ಅಲ್ವಾ ಮಾತಾಡೋದು, ಎದುರಿಗೇ ಇದ್ರೂ ಎಲ್ಲೋ ದೂರದಿಂದ ಕೇಳ್ಸಿದಂಗೆ. ಸಂಗೀತ ಪೂರ್ತಿ ಆರ್ಗನ್ ಒಂದರಲ್ಲೇ ಇದೆ, ಜೀನ್ ಮೂರ್ ಅನ್ನೋರು ಮಾಡಿದ್ದು. ಆರ್ಕೆಸ್ಟ್ರಾಗೆ ಕಾಸಿಲ್ದೇ ಇರ್ಬೋದು, ಆದ್ರೆ ನಾಯಕಿನೇ ಆರ್ಗನ್ ನುಡಿಸೋಳು ಆಗಿರೋದ್ರಿಂದ ಅವಳ ತಲೆಯೊಳಗಿಂದಾನೇ ಆ ಸಂಗೀತ ಬರ್ತಿದ್ಯೇನೋ ಅನ್ಸತ್ತೆ. ಚರ್ಚಲ್ಲಿ ಅವಳು ಪ್ರಾಕ್ಟೀಸ್ ಮಾಡ್ತಾ ಮಾಡ್ತಾ ದೇವರ ಹಾಡು ಬಿಟ್ಟು ಬೇರೇನೋ ನುಡಿಸೋಕೆ ಶುರು ಮಾಡ್ತಾಳೆ, ಕೈ ಅವಳ ಮಾತು ಕೇಳ್ತಿಲ್ಲ, ಆ ಸೀನ್ ಹೆಡ್‌ಫೋನ್ ಹಾಕ್ಕೊಂಡು ನೋಡಿ.

ಈ ಸಿನಿಮಾ ಬಂದಾಗ ಹೆಚ್ಚಿನೋರು ನೋಡ್ಲಿಲ್ಲ. ಪ್ರಿಂಟ್ ಮೇಲೆ ಕಾಪಿರೈಟ್ ಸೂಚನೆ ಹಾಕಿರ್ಲಿಲ್ಲ ಅಂತ ಹಕ್ಕೂ ಹೋಯ್ತು. ಆಮೇಲೆ ಟಿವಿಯೋರು ತಡರಾತ್ರಿ ಹಾಕ್ತಾ ಬಂದ್ರು, ನಿದ್ದೆ ಬರದೆ ಚಾನೆಲ್ ತಿರುಗಿಸ್ತಿದ್ದೋರು ಯಾರ್ಯಾರೋ ಅರ್ಧದಿಂದ ನೋಡಿದ್ರು, ಹೆಸರು ಗೊತ್ತಿಲ್ದೇ ವರ್ಷಗಟ್ಲೆ ತಲೇಲಿ ಇಟ್ಕೊಂಡ್ರು. 1989ರಲ್ಲಿ ಮತ್ತೆ ಥಿಯೇಟರಿಗೆ ಬಂತು. 27 ವರ್ಷ ಯಾರಿಗೂ ಕಾಣದೇ ಇದ್ದ ಸಿನಿಮಾ, ಯಾರಿಗೂ ಕಾಣದೇ ಹೋಗೋ ಒಬ್ಬ ಹುಡುಗಿ ಬಗ್ಗೆ. ಇದು ಹೊಳೆದಾಗಿಂದ ಈ ಥರದ ಬೇರೆ ಸಿನಿಮಾಗಳಲ್ಲೂ ಇದನ್ನೇ ಹುಡುಕೋಕೆ ಶುರು ಮಾಡ್ದೆ, ಹುಡುಕಿದ ಕಡೆಯೆಲ್ಲಾ ಸಿಕ್ತು. ದೊಡ್ಡ ಬಜೆಟ್ಟಿನ ಹಾರರ್‌ನಲ್ಲಿ ದೆವ್ವ ಅಂದ್ರೆ ಎಲ್ರೂ ನೋಡ್ಲೇಬೇಕಾದ ಐಟಂ, ಅದಕ್ಕೇ ಅಷ್ಟು ಖರ್ಚು ಮಾಡಿರೋದು. ಸಣ್ಣ ಸಿನಿಮಾದಲ್ಲಿ ದೆವ್ವ ಅಂದ್ರೆ ಯಾರೂ ಸರಿಯಾಗಿ ನೋಡದೆ ಬಿಟ್ಟ ಒಬ್ಬ ಮನುಷ್ಯ. ಭಯಕ್ಕಿಂತ ಮುಂಚೆ ಸಂಕಟ ಆಗತ್ತೆ.

ತೋರಿಸೋಕೆ ದುಡ್ಡಿಲ್ಲ ಅಂದಾಗ ತೋರಿಸದೇನೇ ಹೆದರಿಸೋದು ಹೇಗೆ ಅಂತ ಕಲೀಲೇಬೇಕಾಗತ್ತೆ, ಈ ಪಾಠ ಹಳೇದು. 1940ರ ದಶಕದಲ್ಲಿ ಆರ್‌ಕೆಓ ಸ್ಟುಡಿಯೋ ವಾಲ್ ಲ್ಯೂಟನ್ ಅನ್ನೋ ನಿರ್ಮಾಪಕರಿಗೆ ಹಾರರ್ ಮಾಡೋ ಕೆಲ್ಸ ವಹಿಸ್ತು, ಒಂದೊಂದು ಸಿನಿಮಾನೂ ಒಂದೂವರೆ ಲಕ್ಷ ಡಾಲರ್ ದಾಟಬಾರದು, 75 ನಿಮಿಷ ದಾಟಬಾರದು, ಹೆಸರು ಸ್ಟುಡಿಯೋದೋರೇ ಕೊಡ್ತಾರೆ. ಹಾಗೆ ಬಂದ ಮೊದಲ್ನೇದು 1942ರ ಕ್ಯಾಟ್ ಪೀಪಲ್. ಅದರಲ್ಲಿ ಒಬ್ಬ ಹೆಂಗಸು ರಾತ್ರಿ ಪಾರ್ಕಿನ ಪಕ್ಕದ ರಸ್ತೇಲಿ ನಡ್ಕೊಂಡು ಹೋಗ್ತಿರ್ತಾಳೆ, ಹಿಂದೆ ಇನ್ನೊಂದು ಜೊತೆ ಹೀಲ್ಸ್ ಸದ್ದು. ಸ್ವಲ್ಪ ಹೊತ್ತಾದ್ಮೇಲೆ ಹಿಂದಿನ ಸದ್ದು ನಿಂತು ಹೋಗತ್ತೆ. ಹಿಂದೆ ಬರ್ತಿದ್ದೋಳು ನಿಂತ್ಳಾ, ಅಥವಾ ಹೀಲ್ಸ್ ಬೇಡದ ರೂಪಕ್ಕೆ ಬದಲಾದ್ಳಾ? ಇವಳು ಹೆಜ್ಜೆ ಜೋರು ಮಾಡ್ತಾಳೆ, ನಮ್ಮ ಕಣ್ಣೆಲ್ಲ ಪೊದೆ ಮೇಲೆ, ಆಗ ಬುಸ್ ಅಂತ ಕಿವಿಗೆ ಬಡಿಯೋ ಸದ್ದು. ಬಸ್ ಬಂದು ನಿಂತಿರತ್ತೆ ಅಷ್ಟೇ. ಸಿನಿಮಾದೋರು ಇವತ್ತಿಗೂ ಇಂಥ ತಂತ್ರಕ್ಕೆ ಲ್ಯೂಟನ್ ಬಸ್ ಅಂತಾನೇ ಕರೀತಾರೆ. ಇವತ್ತಿನ ಸಿನಿಮಾಗಳು ಆ ಬಸ್ ಮಾತ್ರ ತಗೊಂಡ್ವು, ಅದಕ್ಕೂ ಮುಂಚಿನ ಆ ನಡಿಗೆ ಬಿಟ್ಟುಬಿಟ್ವು ಅಂತ ನಂಗೆ ಬೇಜಾರಿದೆ. ಹೆದರಿಕೆ ಇದ್ದಿದ್ದು ನಡಿಗೇಲಿ.

ಎರಡ್ನೇ ಸಿನಿಮಾ ಆಬ್ಸೆನ್ಷಿಯಾ, 2011. ಮೈಕ್ ಫ್ಲ್ಯಾನಗನ್ ಹೆಸರು ಈಗ ಹಾರರ್ ನೋಡೋರಿಗೆಲ್ಲ ಗೊತ್ತು, ದಿ ಹಾಂಟಿಂಗ್ ಆಫ್ ಹಿಲ್ ಹೌಸ್ ಸೀರೀಸ್ ಮಾಡಿದೋರು. ಅದಕ್ಕೆಲ್ಲ ಎಷ್ಟೋ ವರ್ಷ ಮುಂಚೆ, ಕೈಯಲ್ಲಿ ಏನೂ ಇಲ್ದಾಗ, ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಲ್ಲಿ ಜನರ ಹತ್ರ ಸ್ವಲ್ಪ ಹಣ ಎತ್ತಿ, ಒಟ್ಟು ಸುಮಾರು 70 ಸಾವಿರ ಡಾಲರ್‌ನಲ್ಲಿ ಮಾಡಿದ ಸಿನಿಮಾ ಇದು. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ತಾವಿದ್ದ ಮನೆ ಹತ್ರ ಪಾದಚಾರಿಗಳು ಓಡಾಡೋ ಒಂದು ಸುರಂಗ ಇತ್ತು, ಅದೇ ಸಿನಿಮಾದ ದೆವ್ವದ ಮನೆ. ಗರ್ಭಿಣಿ ಪಾತ್ರ ಮಾಡಿದ ಕೋರ್ಟ್ನಿ ಬೆಲ್ ಶೂಟಿಂಗ್ ಟೈಮಲ್ಲಿ ನಿಜವಾಗ್ಲೂ ಗರ್ಭಿಣಿ, ಅದಕ್ಕೇ ಅವರು ಕೂತ್ಕೊಳ್ಳೋದು, ಏಳೋದು, ಸೋಫಾ ಮೇಲೆ ಕೈ ಊರೋದು ಯಾವುದೂ ನಟನೆ ಅನ್ಸಲ್ಲ.

ಶುರುವಾಗೋದೇ ಪೋಸ್ಟರ್‌ಗಳಿಂದ. ಟ್ರಿಷಿಯಾ ಬೀದಿ ಕಂಬಗಳ ಮೇಲೆ ತನ್ನ ಗಂಡ ಡೇನಿಯಲ್ ಕಾಣೆಯಾಗಿರೋ ಪೋಸ್ಟರ್ ಹಾಕ್ತಾ ಹೋಗ್ತಾಳೆ. ಹಳೇದು ಮಾಸಿ ಹೋಗಿರತ್ತೆ, ಅದನ್ನ ತೆಗೀತಾಳೆ, ಹೊಸದು ಹಾಕ್ತಾಳೆ, ಮುಂದಿನ ಕಂಬ. ಏಳು ವರ್ಷ ಆಗಿದೆ ಗಂಡ ಹೋಗಿ. ಆ ಕೈಗೆ ಕೆಲ್ಸ ಎಷ್ಟು ರೂಢಿ ಆಗಿದೆ ಅಂದ್ರೆ ಮುಖದಲ್ಲಿ ಅಳು ಇಲ್ಲ, ಆಸೆ ಇಲ್ಲ, ಕಾಗದ ನೆಟ್ಟಗಿದ್ಯಾ ಅಂತ ನೋಡೋದು ಅಷ್ಟೇ. ಈ ಒಂದು ಸೀನಿಂದಾನೇ ನಂಗೆ ಈ ಡೈರೆಕ್ಟರ್ ಮೇಲೆ ನಂಬಿಕೆ ಬಂತು. ಕಾಣೆಯಾದೋರು ಸತ್ತಿದಾರೆ ಅಂತ ಕಾನೂನಿನ ಪ್ರಕಾರ ಘೋಷಿಸೋ ಕಾಗದಪತ್ರಕ್ಕೆ ಸಹಿ ಹಾಕೋ ಟೈಮ್ ಬಂದಿದೆ, ಇಂಗ್ಲಿಷಲ್ಲಿ ಅದಕ್ಕೆ ಡೆತ್ ಇನ್ ಆಬ್ಸೆನ್ಷಿಯಾ ಅಂತಾರೆ, ಸಿನಿಮಾ ಹೆಸರೂ ಅದರಿಂದಾನೇ ಬಂದಿದ್ದು. ಅವಳಿಗೆ ಆಸರೆಯಾಗಿ ಇರೋಕೆ ತಂಗಿ ಕ್ಯಾಲಿ ಬರ್ತಾಳೆ, ಅವಳು ಡ್ರಗ್ಸ್ ಚಟದಿಂದ ಹೊರಗೆ ಬಂದಿರೋಳು. ಸಹಿ ಹಾಕ್ಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಟ್ರಿಷಿಯಾಗೆ ಗಂಡ ಕಾಣಿಸ್ಕೊಳ್ಳೋಕೆ ಶುರು ಆಗತ್ತೆ, ಕೋಣೆ ಮೂಲೇಲಿ, ಕನ್ನಡೀಲಿ, ಮುಖದಲ್ಲಿ ಸಿಟ್ಟು. ಡಾಕ್ಟರ್ ಹೇಳ್ತಾರೆ ಅದು ನಿನ್ನ ತಪ್ಪಿತಸ್ಥ ಭಾವನೆ ಅಂತ. ಇರ್ಬೋದು. ಇಲ್ದೇನೂ ಇರ್ಬೋದು.

ಇನ್ನೊಂದು ಸೀನ್ ಹೇಳ್ಲೇಬೇಕು. ಕ್ಯಾಲಿ ಬೆಳಗ್ಗೆ ಜಾಗಿಂಗ್‌ಗೆ ಅಂತ ಆ ಸುರಂಗದಲ್ಲಿ ಹೋಗ್ತಾಳೆ, ನಡುವೆ ಒಬ್ಬ ಮನುಷ್ಯ ಬಿದ್ದಿರ್ತಾನೆ, ಮೂಳೆ ಚಕ್ಕಳ, ಮೈಯೆಲ್ಲ ಕೊಳೆ. ಮನೆ ಮಠ ಇಲ್ದೋನು ಅಂತ ಅವಳೂ ಅಂದ್ಕೊಳ್ತಾಳೆ, ನಾವೂ ಅಂದ್ಕೊಳ್ತೀವಿ. ಅವನಿಗೆ ಆಶ್ಚರ್ಯ ಆಗೋದು ಯಾವುದಕ್ಕೆ ಗೊತ್ತಾ, ನಾನು ನಿಂಗೆ ಕಾಣಿಸ್ತಿದೀನಾ ಅನ್ನೋದಕ್ಕೆ. ಡಗ್ ಜೋನ್ಸ್ ಆ ಪಾತ್ರ ಮಾಡಿರೋದು, ಎಷ್ಟೋ ದೊಡ್ಡ ಸಿನಿಮಾಗಳಲ್ಲಿ ಮುಖವಾಡ ಹಾಕ್ಕೊಂಡು ವಿಚಿತ್ರ ಜೀವಿಗಳಾಗಿ ನಟಿಸಿದೋರು, ಇಲ್ಲಿ ಮುಖವಾಡ ಇಲ್ಲ, ಬರೀ ಅವರ ಉದ್ದ ಕೈ, ಒಣಗಿದ ಮುಖ. ಇರೋದು ಕೆಲವೇ ನಿಮಿಷ, ಸಿನಿಮಾ ಪೂರ್ತಿ ಅವರ ನೆರಳು ಹೋಗಲ್ಲ. ಕ್ಯಾಲಿಗೆ ಕನಿಕರ ಬಂದು ಆಮೇಲೆ ಸುರಂಗದಲ್ಲಿ ಅವನಿಗೆ ಊಟ ಇಟ್ಟು ಬರ್ತಾಳೆ. ಆಮೇಲೆ ಮನೆ ಬಾಗ್ಲಲ್ಲಿ ಯಾರ್ಯಾರದ್ದೋ ಸಣ್ಣಪುಟ್ಟ ವಸ್ತುಗಳ ಗುಡ್ಡೆ ಬಿದ್ದಿರತ್ತೆ. ಇಷ್ಟು ಸಾಕು, ಮುಂದಿಂದು ನೀವೇ ನೋಡಿ. ಸುರಂಗದೊಳಗೆ ಏನಿದೆ ಅಂತ ಸಿನಿಮಾ ಸರಿಯಾಗಿ ತೋರಿಸಲ್ಲ, ನೋಡಿದ ಮೇಲೆ ಯಾವ ಸುರಂಗ ದಾಟಿದ್ರೂ ಗೋಡೆ ಕಡೆ ಕಣ್ಣು ಹೋಗತ್ತೆ.

ಇದರ ತೊಂದ್ರೆ ಏನಂದ್ರೆ ಮಧ್ಯದಲ್ಲಿ ಪೋಲೀಸ್ ಭಾಗ ಎಳೆಯತ್ತೆ, ಇಬ್ರು ಡಿಟೆಕ್ಟಿವ್‌ಗಳ ಮಾತುಕತೆ ಟಿವಿ ಧಾರಾವಾಹಿ ನೆನಪಿಸತ್ತೆ. ಚಿತ್ರ ವಿಡಿಯೋ ಥರ ಕಾಣತ್ತೆ, ಸಿನಿಮಾ ಅನ್ನೋ ಮೆರುಗು ಇಲ್ಲ. ಮೊದಲ ಇಪ್ಪತ್ತು ನಿಮಿಷ ಅದಕ್ಕೆ ಹೊಂದ್ಕೋಬೇಕಾಗತ್ತೆ. ಆದ್ರೆ ಅಕ್ಕ ತಂಗಿ ಇಬ್ರೂ ಅಡುಗೆಮನೇಲಿ ನಿಂತು ಜಗಳ ಆಡೋದು, ಮತ್ತೆ ರಾಜಿ ಆಗೋದು, ಇದರಲ್ಲಿರೋ ನಿಜ ನಂಗೆ ನೂರು ಕೋಟಿ ಸಿನಿಮಾಗಳಲ್ಲಿ ಸಿಕ್ಕಿಲ್ಲ. ಅವರಿಬ್ರ ಮೇಲೆ ಪ್ರೀತಿ ಬಂದ್ಬಿಡತ್ತೆ, ಆಮೇಲೆ ಅವರಿಗೆ ಏನಾಗ್ಬಿಡತ್ತೋ ಅನ್ನೋದೇ ಭಯ.

ನಡುವೆ ನೊರೊಯ್ ಬಗ್ಗೆ ಎರಡು ಮಾತು, 2005ರ ಜಪಾನ್ ಸಿನಿಮಾ, ಕೋಜಿ ಶಿರೈಶಿ ನಿರ್ದೇಶನ. ಅಲೌಕಿಕ ವಿಷಯಗಳ ಮೇಲೆ ಡಾಕ್ಯುಮೆಂಟರಿ ಮಾಡೋ ಒಬ್ಬನ ಕೊನೇ ಕೆಲ್ಸ ಅನ್ನೋ ಥರ ತೋರಿಸ್ತಾರೆ, ಟಿವಿ ಶೋಗಳ ತುಣುಕು, ಸಂದರ್ಶನ, ಅಣೆಕಟ್ಟಿನ ನೀರಲ್ಲಿ ಮುಳುಗಿಹೋದ ಹಳ್ಳಿ, ಅಲ್ಲಿ ನಿಂತು ಹೋದ ಒಂದು ಆಚರಣೆ, ಒಂದಕ್ಕೊಂದು ಸಂಬಂಧ ಇಲ್ಲ ಅನ್ಸೋ ತುಣುಕುಗಳು ನಿಧಾನಕ್ಕೆ ಗಂಟು ಬೀಳತ್ತೆ. ಹೆಸರುಗಳು ಜಾಸ್ತಿ, ಸಬ್‌ಟೈಟಲ್ ಬಿಡ್ದೆ ಓದ್ಬೇಕು, ಫೋನ್ ನೋಡ್ತಾ ನೋಡೋ ಸಿನಿಮಾ ಅಲ್ಲ. ನಂಗೆ ತುಂಬಾ ಇಷ್ಟ, ಆದ್ರೆ ಮೊದಲ ಸಲಕ್ಕೆ ಇದನ್ನ ಯಾರಿಗೂ ಹೇಳಲ್ಲ.

ಮೊದಲ ಸಲಕ್ಕೂ, ಹತ್ತನೇ ಸಲಕ್ಕೂ ನಾನು ಹೇಳೋದು ಲೇಕ್ ಮಂಗೋ. ಆಸ್ಟ್ರೇಲಿಯಾದ್ದು, 2008, ಜೋಯಲ್ ಆಂಡರ್ಸನ್ ಮಾಡಿದ್ದು. ಇದನ್ನ ಹಾರರ್ ಅನ್ನೋಕೂ ಮನಸ್ಸು ಬರಲ್ಲ, ಒಂದು ಮನೇಲಿ ಸಾವಾದ ಮೇಲೆ ಏನಾಗತ್ತೆ ಅನ್ನೋದನ್ನ ಇಷ್ಟು ಪ್ರಾಮಾಣಿಕವಾಗಿ ಹೇಳಿರೋ ಸಿನಿಮಾ ಯಾವ ಪ್ರಕಾರದಲ್ಲೂ ಕಮ್ಮಿ. ಆಲಿಸ್ ಪಾಮರ್ ಅನ್ನೋ 16 ವರ್ಷದ ಹುಡುಗಿ ಮನೆಯೋರ ಜೊತೆ ಅಣೆಕಟ್ಟಿನ ನೀರಲ್ಲಿ ಈಜೋಕೆ ಹೋಗಿ ಮುಳುಗಿ ಸಾಯ್ತಾಳೆ. ಆಮೇಲಿನ ಕಥೆ ಪೂರ್ತಿ ಡಾಕ್ಯುಮೆಂಟರಿ ಥರ ಇದೆ, ಅಪ್ಪ, ಅಮ್ಮ, ಒಡಹುಟ್ಟಿದೋನು, ನೆರೆಹೊರೆ ಎಲ್ರೂ ಕ್ಯಾಮೆರಾ ಎದುರು ಕೂತು ಮಾತಾಡ್ತಾರೆ. ನಟರಿಗೆ ಡೈಲಾಗ್ ಬರೆದು ಕೊಟ್ಟಿರ್ಲಿಲ್ಲ, ಸನ್ನಿವೇಶ ಹೇಳಿ ಅವರಿಂದಾನೇ ಮಾತು ಬರಿಸಿದಾರೆ. ಅದಕ್ಕೇ ಮಾತು ತಡವರಿಸತ್ತೆ, ಮಧ್ಯ ನಿಲ್ಲತ್ತೆ, ಒಬ್ರು ಹೇಳೋಕೆ ಹೋಗಿ ಬೇರೇನೋ ಹೇಳ್ತಾರೆ, ನಿಜವಾಗ್ಲೂ ಸಾವಿನ ಮನೇಲಿ ಜನ ಮಾತಾಡೋ ಹಾಗೆ.

ಒಂದು ವಿಷಯ ಹೇಳ್ತೀನಿ. ಮಗಳ ಹೆಣ ಗುರುತು ಹಿಡಿದು ಅಪ್ಪ ಅಮ್ಮ ಕಾರಲ್ಲಿ ವಾಪಸ್ ಬರ್ತಿರ್ತಾರೆ, ದಾರೀಲಿ ಕಾರು ಕೆಟ್ಟು ಬರೀ ರಿವರ್ಸ್ ಗೇರ್ ಮಾತ್ರ ಕೆಲ್ಸ ಮಾಡತ್ತೆ, ರಾತ್ರೀಲಿ ಮನೆ ತನಕ ಹಿಂದೆ ಹಿಂದೆ ಓಡಿಸ್ಕೊಂಡು ಬರ್ತಾರೆ. ಇದರಲ್ಲಿ ದೆವ್ವ ಇಲ್ಲ, ಯಾರೂ ಇದರ ಅರ್ಥ ಏನು ಅಂತ ಹೇಳಲ್ಲ, ಹೀಗಾಯ್ತು ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ಮನೇಲಿ ಸಾವಾಗಿರೋರಿಗೆ ಗೊತ್ತಿರತ್ತೆ, ಆ ದಿನ ಇಂಥದ್ದೇ ಏನೋ ಒಂದು ತಲೆಬುಡ ಇಲ್ದೇ ಇರೋದು ನೆನಪಲ್ಲಿ ಉಳಿಯತ್ತೆ. ಅಮ್ಮ ಜೂನ್ ಇನ್ನೊಂದು ಹೇಳ್ತಾಳೆ, ಮಗಳು ಹೋದ್ಮೇಲೆ ನಿದ್ದೆ ಬರದೆ ರಾತ್ರಿ ಹೊತ್ತು ನಡ್ಕೊಂಡು ಹೋಗ್ತಿದ್ದೆ, ಬೇರೆಯೋರ ಮನೆಯೊಳಗೆ ಹೋಗ್ತಿದ್ದೆ ಅಂತ. ಕದಿಯೋಕಲ್ಲ. ಬೇರೆಯೋರ ಬದುಕಿನೊಳಗೆ ಸ್ವಲ್ಪ ಹೊತ್ತು ಇರೋಕೆ ಅಂತ ನಾನು ಅರ್ಥ ಮಾಡ್ಕೊಂಡೆ. ಬದುಕಿರೋ ಅಮ್ಮನೇ ದೆವ್ವದ ಥರ ಊರಲ್ಲಿ ಅಲೆಯೋದು. ಇದನ್ನ ಬರೀತಾ ಇದ್ರೂ ನಂಗೆ ಗಂಟಲು ಕಟ್ಟತ್ತೆ.

ಫೋಟೋಗಳಲ್ಲಿ, ಮನೇಲಿ ಇಟ್ಟ ವಿಡಿಯೋ ಕ್ಯಾಮೆರಾಗಳಲ್ಲಿ ಆಲಿಸ್ ಕಾಣೋಕೆ ಶುರು ಆಗ್ತಾಳೆ. ಅದು ನಿಜಾನಾ ಸುಳ್ಳಾ ಅನ್ನೋದರ ಸುತ್ತ ಸಿನಿಮಾ ಒಂದು ಸುತ್ತು ಹಾಕತ್ತೆ, ನೀವು ಓ ಇಷ್ಟೇನಾ ಅಂತ ಸಮಾಧಾನ ಆಗೋ ಹೊತ್ತಿಗೆ ಇನ್ನೊಂದು ಬಾಗ್ಲು ತೆರೆಯತ್ತೆ. ಆ ಬಾಗ್ಲು ಒಂದು ಹಳೇ ಮೊಬೈಲಿನ ವಿಡಿಯೋ. ಆಲಿಸ್ ಸ್ಕೂಲ್ ಕ್ಯಾಂಪ್‌ಗೆ ಅಂತ ಲೇಕ್ ಮಂಗೋಗೆ ಹೋಗಿರ್ತಾಳೆ, ಹೆಸರಿಗೆ ಲೇಕ್, ಆದ್ರೆ ನೀರು ಬತ್ತಿ ಸಾವಿರಾರು ವರ್ಷ ಆಗಿರೋ ಬಯಲು. ರಾತ್ರಿ ಕತ್ತಲು, ಆ ಕಾಲದ ಫೋನ್ ಕ್ಯಾಮೆರಾ, ಪರದೆ ತುಂಬಾ ಚೌಕ ಚೌಕ ಕಾಳು. ದೂರದಲ್ಲಿ ಏನೋ ಒಂದು ಮಸುಕು. ಅದು ಹತ್ರ ಬರ್ತಿದೆ. ಏನು ಅಂತ ಗೊತ್ತಾಗೋಕೆ ಮುಂಚೇನೇ ಬೇಡ ಅಂತ ಮನಸ್ಸು ಕೂಗತ್ತೆ, ಕಣ್ಣು ಮಾತ್ರ ತೆಗೆಯೋಕಾಗಲ್ಲ. ನನ್ನ ಜೀವನದಲ್ಲಿ ಪರದೆ ಮೇಲೆ ನೋಡಿರೋದರಲ್ಲಿ ಅತಿ ಭಯಂಕರ ಇದೇ, ಇದನ್ನ ತೋರಿಸಿರೋದು ಅಷ್ಟು ಕೆಟ್ಟ ಕ್ವಾಲಿಟಿ ವಿಡಿಯೋದಲ್ಲಿ. ಸ್ಪಷ್ಟವಾಗಿ ಕಂಡಿದ್ರೆ ಮೇಕಪ್ ಅನ್ನಿಸ್ತಿತ್ತು. ಮಸುಕಿದ್ದಿದ್ರಿಂದ ನನ್ನ ಕಣ್ಣೇ ಅದನ್ನ ಕಟ್ಟಬೇಕಾಯ್ತು, ಕಟ್ಟಿದ್ದು ನಾನೇ ಆದ್ಮೇಲೆ ಅದು ನನ್ನೊಳಗೇ ಉಳ್ಕೊಳ್ತು.

ನಿಧಾನ ಇದ್ಯಾ ಅಂದ್ರೆ ಹೌದು, ತುಂಬಾನೇ ನಿಧಾನ. ಹತ್ತು ನಿಮಿಷಕ್ಕೊಂದು ಸಲ ಬೆಚ್ಚಿ ಬೀಳ್ಬೇಕು ಅನ್ನೋರಿಗೆ ಇದು ಬೇಡ. ಅಮೆರಿಕದಲ್ಲಿ ಇದನ್ನ ಬಿಡುಗಡೆ ಮಾಡಿದಾಗ ರಕ್ತಪಾತದ ಹಾರರ್ ಸಿನಿಮಾಗಳ ಗುಂಪಲ್ಲಿ ಸೇರಿಸಿ ಮಾರಿದ್ರು, ಅದನ್ನ ನಿರೀಕ್ಷೆ ಮಾಡಿ ಬಂದೋರಿಗೆ ನಿರಾಸೆ ಆಗಿರೋದು ಸಹಜ. ಇಂಥ ಸಿನಿಮಾಗಳಿಗೆ ಆಗೋ ದೊಡ್ಡ ಅನ್ಯಾಯಾನೇ ಇದು, ಕವರ್ ಮೇಲೆ ಒಂದು ಚಿತ್ರ, ಒಳಗೆ ಇನ್ನೊಂದೇ ಸಿನಿಮಾ. ಆಂಡರ್ಸನ್ ಆಮೇಲೆ ಇನ್ನೊಂದು ಫೀಚರ್ ಫಿಲ್ಮ್ ನಿರ್ದೇಶನ ಮಾಡ್ಲಿಲ್ಲ.

ಈಗ ನನಗಾದ ಒಂದು ಅನುಭವ ಹೇಳ್ಲೇಬೇಕು, ಯಾಕಂದ್ರೆ ಇದು ನಿಮಗೂ ಆಗ್ಬಾರದು. ನಾನು ಲೇಕ್ ಮಂಗೋ ಮೊದಲ ಸಲ ನೋಡಿದ್ದು ಒಂದು ಸ್ಟ್ರೀಮಿಂಗ್ ಆಪ್‌ನಲ್ಲಿ. ಕೊನೇ ಸೀನ್ ಮುಗೀತು, ಹೆಸರುಗಳು ಬರೋಕೆ ಶುರು ಆದ್ವು, ನಾನಿನ್ನೂ ಕಣ್ಣು ಒರೆಸ್ಕೊಳ್ತಾ ಕೂತಿದ್ದೆ, ಅಷ್ಟರಲ್ಲಿ ಆ ಆಪ್ ಚಿತ್ರಾನ ಮೂಲೇಲಿ ಬೆರಳುಗುರಿನಷ್ಟು ಮಾಡಿ, ಪರದೆ ತುಂಬಾ ಬೇರೆ ಯಾವುದೋ ಸಿನಿಮಾದ ಟ್ರೇಲರ್ ಕಿರುಚೋಕೆ ಶುರು ಮಾಡ್ತು. ಬೈಕೊಂಡು ಟಿವಿ ಆಫ್ ಮಾಡಿ ಮಲಗ್ದೆ. ಎಷ್ಟೋ ತಿಂಗಳಾದ್ಮೇಲೆ ಸ್ನೇಹಿತನ ಜೊತೆ ಇದರ ಬಗ್ಗೆ ಮಾತಾಡ್ತಾ ಇದ್ದಾಗ ಅವನು, ಆ ಹೆಸರು ಬರುವಾಗ ತೋರ್ಸಿದ್ದು ನೋಡಿ ನಂಗೆ ಕೈಕಾಲು ತಣ್ಣಗಾಯ್ತು ಕಣೋ ಅಂದ. ಯಾವುದು ಅಂದೆ. ಅವನು ನನ್ನ ಮುಖಾನೇ ನೋಡ್ದ, ಆಮೇಲೆ ಏನೂ ಹೇಳ್ಲಿಲ್ಲ, ಮನೆಗೆ ಹೋಗಿ ಮತ್ತೆ ನೋಡು ಅಂದ.

ನೋಡ್ದೆ. ಅಲ್ಲಿ ಏನಿದೆ ಅಂತ ಬರೆಯಲ್ಲ. ಇಷ್ಟು ಹೇಳ್ತೀನಿ, ಅದನ್ನ ನೋಡಿದ ಮೇಲೆ ಹಿಂದಿನ ಒಂದೂವರೆ ಗಂಟೆ ಬೇರೆನೇ ಸಿನಿಮಾ ಆಗತ್ತೆ. ನಾನು ಅದೇ ರಾತ್ರಿ ಮೊದಲಿಂದ ಇನ್ನೊಂದು ಸಲ ಹಾಕ್ದೆ, ಈ ಸಲ ಯಾರು ಮಾತಾಡ್ತಿದಾರೋ ಅವರನ್ನ ಬಿಟ್ಟು, ಫ್ರೇಮಿನ ಅಂಚು, ಕಿಟಕಿ, ಹಿತ್ತಲು, ಬಾಗಿಲ ಸಂದಿ ನೋಡ್ತಾ ಕೂತೆ. ಮೊದಲ ಸಲ ನೋಡಿದಾಗ ಕಾಣದೇ ಇದ್ದಿದ್ದು ಅಲ್ಲೇ ಇತ್ತು, ಮೊದಲಿಂದಾನೂ. ನಾನು ನೋಡಿರ್ಲಿಲ್ಲ.

ನೋಡೋದು ಹೇಗೆ ಅಂತ ಕೇಳೋರಿಗೆ, ನನ್ನ ಕ್ರಮ ಇದು. ಲೈಟ್ ಪೂರ್ತಿ ಆರಿಸಿ, ಯಾಕಂದ್ರೆ ಈ ಸಿನಿಮಾಗಳ ಅರ್ಧ ಕೆಲ್ಸ ಕತ್ತಲೇಲೇ ನಡೆಯತ್ತೆ, ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೀತಿದ್ರೆ ಏನೂ ಕಾಣಲ್ಲ. ಟಿವೀಲಿ ಚಲನೆ ನುಣುಪು ಮಾಡೋ ಸೆಟ್ಟಿಂಗ್ ಇರತ್ತೆ, ಅದನ್ನ ಆಫ್ ಮಾಡಿ, ಹಳೇ ಕಪ್ಪು ಬಿಳುಪು ಸಿನಿಮಾನೂ ಅದು ಕ್ರಿಕೆಟ್ ಮ್ಯಾಚ್ ಥರ ಮಾಡ್ಬಿಡತ್ತೆ. ಡೇಟಾ ಉಳಿಸೋ ಮೋಡ್ ಬೇಡ, ನೆರಳೆಲ್ಲ ಚೌಕ ಚೌಕ ಆಗ್ಬಿಡತ್ತೆ. ಕಾರ್ನಿವಲ್ ಆಫ್ ಸೋಲ್ಸ್ ಹಕ್ಕು ಮುಕ್ತ ಆಗಿರೋದ್ರಿಂದ ಎಲ್ಲೆಲ್ಲೋ ಸಿಗತ್ತೆ, ಆದ್ರೆ ಎಷ್ಟೋ ಕಾಪಿಗಳು ಬೂಸ್ಟು ಹಿಡಿದಂಗಿವೆ, ರೀಸ್ಟೋರ್ ಮಾಡಿರೋ ಪ್ರಿಂಟೇ ಹುಡುಕಿ, ಆ ಉಪ್ಪಿನ ಬಯಲಿನ ಬಿಳುಪು ಸರಿಯಾಗಿ ಕಾಣ್ಬೇಕು. ಒಬ್ರೇ ನೋಡಿ, ಅಥವಾ ಮಧ್ಯದಲ್ಲಿ ಮಾತಾಡದೇ ಇರೋ ಒಬ್ಬರ ಜೊತೆ. ಮೂರನ್ನೂ ಒಂದೇ ದಿನ ಬೇಡ, ಒಂದಕ್ಕೊಂದು ವಾರ ಬಿಡಿ, ಮೊದ್ಲು ಕಾರ್ನಿವಲ್, ಆಮೇಲೆ ಆಬ್ಸೆನ್ಷಿಯಾ, ಕೊನೆಗೆ ಲೇಕ್ ಮಂಗೋ. ಅದಕ್ಕೆ ಮಾತ್ರ ಆಪ್‌ನಲ್ಲಿ ಮುಂದಿನದು ತಾನಾಗೇ ಓಡೋ ಸೆಟ್ಟಿಂಗ್ ಮೊದ್ಲೇ ತೆಗೆದಿಟ್ಟು, ಹೆಸರುಗಳು ಶುರುವಾದ್ಮೇಲೂ ರಿಮೋಟ್ ಮುಟ್ಟದೆ, ಪರದೆ ಪೂರ್ತಿ ಕಪ್ಪಾಗೋ ತನಕ ಕೂತಿರಿ.